ಅಜ್ಜನ ಅಟ್ಟದ ತೋಟೆಗಳು
ತೀರ್ಥಹಳ್ಳಿಯ ಅಜ್ಜನ ಮನೆ ಅಟ್ಟದಲ್ಲಿ ಸಿಕ್ಕ ಕಾಗದದ ಕೋವಿ ತೋಟೆಗಳ ಮೇಲೆ '12', 'ಎಲ್‌ಜಿ' ಅಂತಿದೆ, ಮದ್ದು ಬದಲಿಸಿ ಬಳಸಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ!

12 ಅಂದ್ರೆ ಮಿಲಿಮೀಟರ್ ಅಲ್ಲ. ನಳಿಗೆಯ ಅಗಲಕ್ಕೆ ಸರಿಯಾಗಿ ಕೂರುವ 12 ಸೀಸದ ಗುಂಡು ಸೇರಿದರೆ ಒಂದು ಪೌಂಡ್ ತೂಕ, ಆ ಲೆಕ್ಕ. ಇದಕ್ಕೇ ಬೋರ್ ಅನ್ನೋದು. ಅದಕ್ಕೇ 16 ಬೋರ್ ಕೋವಿಯ ನಳಿಗೆ 12ಕ್ಕಿಂತ ಸಣ್ಣದು. ಎಲ್‌ಜಿ ಅಂದ್ರೆ ದಪ್ಪ ಚರೆ, ತೋಟೆಯೊಳಗೆ ತುಂಬಿರೋ ಸೀಸದ ಕಾಳು.

ನಮ್ಮ ಮಳೆಗಾಲಕ್ಕೆ ಕಾಗದ ಉಬ್ಬದೇ ಇರಲ್ಲ. ನಮ್ಮನೇವಕ್ಕಂತೂ ಹಿತ್ತಾಳೆ ಬುಡಕ್ಕೆಲ್ಲ ಹಸಿರು ಕಿಲುಬು ಹಿಡಿದಿತ್ತು, ಕೋವಿಯೊಳಗೆ ತೂರುತ್ತಲೇ ಇರಲಿಲ್ಲ. ಬಿಸಿಲಿಗೆ ಒಣಗಿಸೋದು, ಬಿಚ್ಚಿ ನೋಡೋದು ಮಾಡಬೇಡಿ.

1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ತೋಟೆ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು, ತಯಾರಿಸೋಕೆ ಬೇರೆಯದೇ ಬೇಕು. ಅಜ್ಜನ ಬೆಳೆ ರಕ್ಷಣೆ ಲೈಸೆನ್ಸ್ ಮೊಮ್ಮಗನಿಗೆ ತಾನಾಗಿ ಬರಲ್ಲ. ಇದ್ದಲ್ಲೇ ಬಿಟ್ಟು ಮೊದಲು ಠಾಣೆಗೆ ತಿಳಿಸಿ. ಚೀಲಕ್ಕೆ ತುಂಬ್ಕೊಂಡು ಬಸ್ಸು ಹತ್ತಬೇಡಿ ಮತ್ತೆ.