ಸಾಂ-ದೆನಿ ಚರ್ಚಿನ ಗೋರಿಗಳ ಒಳಗೆ ರಾಜರು ನಿಜವಾಗಿಯೂ ಇದ್ದಾರಾ?

ನೀವು ಎರಡು ವಿಷಯ ಕೇಳಿದ್ದೀರಿ. ಪ್ಯಾರಿಸ್ ಪಕ್ಕದ ಸಾಂ-ದೆನಿ ಚರ್ಚಿನಲ್ಲಿ ಫ್ರಾನ್ಸಿನ ರಾಜರ ಗೋರಿಗಳು ಸಾಲಾಗಿವೆಯಲ್ಲ, ಅವುಗಳ ಒಳಗೆ ರಾಜರು ಇದ್ದಾರಾ? ಪ್ಯಾರಿಸ್‌ನಲ್ಲಿ ಮೂರೇ ದಿನ ಇರುವವರು ಅದಕ್ಕೆ ಅರ್ಧ ದಿನ ಕೊಡಬಹುದಾ?

ಎರಡನೆಯದಕ್ಕೆ ಉತ್ತರ: ಧಾರಾಳವಾಗಿ ಕೊಡಿ. ಮೊದಲನೆಯದಕ್ಕೆ: ಇಲ್ಲ. ಮೇಲೆ ಕಲ್ಲಿನ ರಾಜ ಮಲಗಿದ್ದಾನೆ, ಕೆಳಗೆ ಖಾಲಿ.

ಮೊದಲ ಸಲ ಹೋದಾಗ ನಾನು ಮುಕ್ಕಾಲು ಗಂಟೆಯಲ್ಲಿ ಆಚೆ ಬಂದಿದ್ದೆ. ಎಪ್ಪತ್ತಕ್ಕೂ ಜಾಸ್ತಿ ಮಲಗಿದ ಮೂರ್ತಿಗಳು, ಎಲ್ಲವೂ ಒಂದೇ ಥರ ಕಂಡವು. ಸ್ವಲ್ಪ ಓದಿಕೊಂಡು ಎರಡನೇ ಸಲ ಹೋದೆ. ಆಗ ಗೊತ್ತಾಯಿತು, ಅವುಗಳಲ್ಲಿ ಒಂದು ಗುಂಪು ಒಂದೇ ಥರ ಇರುವುದಕ್ಕೆ ಕಾರಣವಿದೆ ಅಂತ. ಒಂಬತ್ತನೇ ಲೂಯಿ, ಅಂದರೆ ಸಂತ ಲೂಯಿ, 1260ರ ದಶಕದಲ್ಲಿ ತನ್ನ ಹಿಂದಿನ ರಾಜ ರಾಣಿಯರದ್ದು ಹದಿನಾರು ಮೂರ್ತಿಗಳನ್ನು ಒಟ್ಟಿಗೆ ಮಾಡಿಸಿದ. ಅವರಲ್ಲಿ ಕೆಲವರು ಸತ್ತು ಐನೂರು ಆರುನೂರು ವರ್ಷ ಆಗಿತ್ತು. ಅವರ ಮುಖ ಕಂಡವರು ಯಾರಿದ್ದರು? ಹಾಗಾಗಿ ಎಲ್ಲರಿಗೂ ಅದೇ ಶಾಂತ ಮುಖ, ಅದೇ ಯೌವನ, ತೆರೆದ ಕಣ್ಣು. ಬಟ್ಟೆಯ ನೆರಿಗೆ ನೋಡಿ, ನಿಂತವರ ಉಡುಪಿನ ಹಾಗೆ ನೇರವಾಗಿ ಪಾದದ ಕಡೆ ಇಳಿಯುತ್ತದೆ. ನಿಂತ ಮೂರ್ತಿಯನ್ನು ಹಾಗೇ ಮಲಗಿಸಿದಂತೆ. ಇವರೆಲ್ಲ ಸತ್ತಂತೆ ಅಲ್ಲ, ಸತ್ತವರು ಮತ್ತೆ ಏಳುತ್ತಾರೆಂದು ಕ್ರೈಸ್ತರು ನಂಬುವ ಕೊನೆಯ ದಿನ ಎದ್ದು ಬರಲು ಕಾಯುತ್ತಿರುವಂತೆ ಇದ್ದಾರೆ. ತಮಾಷೆ ಏನೆಂದರೆ, ಇಷ್ಟೆಲ್ಲ ಮಾಡಿಸಿದ ಸಂತ ಲೂಯಿಯ ಸ್ವಂತ ಲೋಹದ ಗೋರಿ ಮಾತ್ರ ಉಳಿದಿಲ್ಲ.

ಅವನು 1270ರಲ್ಲಿ ಟ್ಯುನಿಸ್ ಹತ್ತಿರ ಧರ್ಮಯುದ್ಧದ (ಕ್ರುಸೇಡ್) ಸಮಯದಲ್ಲಿ ಸತ್ತ. ಬಿಸಿಲ ನಾಡು, ಮನೆ ದೂರ. ದೇಹವನ್ನು ಕುದಿಸಿ ಮಾಂಸ ಮೂಳೆ ಬೇರೆ ಮಾಡಿದರು. ಕರುಳು ಸಿಸಿಲಿಯ ಮೊನ್ರೆಯಾಲೆಗೆ ಹೋಯಿತು, ಮೂಳೆ ಸಾಂ-ದೆನಿಗೆ ಬಂತು. ಅದೇ ಪ್ರಯಾಣದಲ್ಲಿ ಸೊಸೆ ಇಸಾಬೆಲ್ ಇಟಲಿಯ ದಕ್ಷಿಣದಲ್ಲಿ ಕುದುರೆಯಿಂದ ಬಿದ್ದಳು. ಬಸುರಿ, ಉಳಿಯಲಿಲ್ಲ. ಅವಳಿಗೂ ಹಾಗೇ ಎರಡು ಗೋರಿ, ಒಂದು ಕೊಸೆಂಜಾದಲ್ಲಿ, ಒಂದು ಇಲ್ಲಿ. ಇಲ್ಲಿರುವ ಅವಳ ಮೂರ್ತಿ ಕಪ್ಪು ಚಪ್ಪಡಿಯ ಮೇಲೆ ಬಿಳಿ ಅಮೃತಶಿಲೆ. ಕಾಲಬುಡದಲ್ಲಿ ಪುಟ್ಟ ನಾಯಿಗಳಿವೆ. ನನಗೆ ಇಡೀ ಚರ್ಚಿನಲ್ಲಿ ಹೆಚ್ಚು ಇಷ್ಟವಾದದ್ದು ಇದೇ. ಪಕ್ಕದ ಕಲ್ಲುಗಳ ಮುಂದೆ ಇದು ಈಗಷ್ಟೇ ಒಗೆದು ಹಾಸಿದ ಹಾಗೆ ಕಾಣುತ್ತದೆ.

ದೇಹ ಹಂಚುವುದನ್ನು ಪೋಪ್ ಎಂಟನೇ ಬೋನಿಫೇಸ್ 1299ರಲ್ಲಿ ನಿಷೇಧಿಸಿದರು. ರಾಜಮನೆತನ ಕೇಳಬೇಕಲ್ಲ! ಸುಮಾರು ಎಂಬತ್ತು ವರ್ಷದ ನಂತರದ ರಾಣಿ ಜಾನ್ ದ ಬೂರ್ಬೊಂ ಮೂರ್ತಿಯ ಕೈಯನ್ನು ಗಮನಿಸಿ. ಒಂದು ಚೀಲ ಹಿಡಿದಿದ್ದಾಳೆ. ದುಡ್ಡಿನ ಚೀಲ ಅಂದುಕೊಂಡಿದ್ದೆ. ಅಲ್ಲ, ಅವಳದೇ ಕರುಳಿನ ಚೀಲ. ಮೂಲತಃ ಬೇರೆ ಚರ್ಚಿನಲ್ಲಿದ್ದ ಕರುಳಿನ ಗೋರಿ ಅದು. ಅವಳ ಗಂಡ ಐದನೇ ಚಾರ್ಲ್ಸ್ ಪಟ್ಟಕ್ಕೆ ಬಂದ 1364ರಲ್ಲೇ, ಬದುಕಿರುವಾಗಲೇ, ಆಂದ್ರೆ ಬೋನೆವ್ ಎಂಬ ಶಿಲ್ಪಿಯಿಂದ ತನ್ನ ಮೂರ್ತಿ ಮಾಡಿಸಲು ಶುರು ಮಾಡಿದ. ಉದ್ದ ಮೂಗಿನ ಆ ಮುಖ ಒಬ್ಬ ಮನುಷ್ಯನದ್ದು, 'ರಾಜ' ಎಂಬ ಅಚ್ಚಿನದ್ದಲ್ಲ.

ಆಮೇಲೆ ಬರುವುದೇ ಹನ್ನೆರಡನೇ ಲೂಯಿ ಮತ್ತು ಆನ್ ದ ಬ್ರೆತಾಞ್ ಗೋರಿ. 1531ರಲ್ಲಿ ಮುಗಿದದ್ದು. ಇಟಲಿಯಿಂದ ಬಂದ ಶಿಲ್ಪಿಗಳ ಕೆಲಸ. ಮೇಲಂತಸ್ತಿನಲ್ಲಿ ಇಬ್ಬರೂ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾರೆ, ಚೆಂದವಾಗಿ. ಆ ಕಡೆ ನೋಡಿ ಮುಂದೆ ಹೋಗಬೇಡಿ. ಬಗ್ಗಿ ಕಮಾನಿನ ಒಳಗೆ ನೋಡಿ. ಅದೇ ಇಬ್ಬರು ಬೆತ್ತಲೆ ಹೆಣಗಳಾಗಿ ಬಿದ್ದಿದ್ದಾರೆ. ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ. ಹೊಟ್ಟೆಯ ಮೇಲೆ ಹೊಲಿಗೆ! ಕೆಡದಂತೆ ಕರುಳು ತೆಗೆದು ಹೊಲಿದದ್ದನ್ನು ಶಿಲ್ಪಿ ಮುಚ್ಚಿಡದೆ ಕೆತ್ತಿದ್ದಾನೆ. ದೇಶದ ರಾಜನ ಗೋರಿಯಲ್ಲಿ ಇಷ್ಟು ಧೈರ್ಯ ನಾನು ಬೇರೆಲ್ಲೂ ಕಂಡಿಲ್ಲ.

ರಾಜ ಎರಡನೇ ಆಂರಿಯ (ಹೆನ್ರಿ) ಹೆಂಡತಿ ಕ್ಯಾಥರೀನ್ ದ ಮೆದಿಚಿಗೂ ಇಂಥದ್ದೇ ಗೋರಿ ಶುರುವಾಯಿತು, ಅವಳು ಬದುಕಿರುವಾಗಲೇ. ಮೊದಲ ಶಿಲ್ಪಿ ಅವಳನ್ನು ಎಲುಬು ಕಾಣುವ ಒಣ ಹೆಣವಾಗಿ ಕೆತ್ತಿದ. ಅದು ಬೇಡವಾಯಿತು, ಅರ್ಧಕ್ಕೇ ನಿಂತ ಆ ಮೂರ್ತಿ ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಬದಲಿಗೆ ಜರ್ಮೆಂ ಪಿಲೋಂ ಎಂಬ ಶಿಲ್ಪಿ ಅವಳನ್ನು ನಿದ್ದೆಯಲ್ಲಿರುವ ಸುಂದರಿಯಾಗಿ ಮಾಡಿಕೊಟ್ಟ. ಪಾಪ, ಯಾರಿಗೆ ತಾನೇ ತನ್ನ ಹೆಣ ನೋಡಲು ಇಷ್ಟ ಅಲ್ವಾ?

ಸರಿ, ಒಳಗಿದ್ದವರು ಎಲ್ಲಿ ಹೋದರು? 1793ರ ಆಗಸ್ಟ್‌ನಲ್ಲಿ, ರಾಜಶಾಹಿ ಬಿದ್ದು ಒಂದು ವರ್ಷವಾದ ನೆನಪಿಗೆ, ಫ್ರೆಂಚ್ ಕ್ರಾಂತಿಯ ಸರ್ಕಾರ ಗೋರಿಗಳನ್ನು ಒಡೆಸಿತು. ಅಕ್ಟೋಬರ್‌ನಲ್ಲಿ ಹೆಣಗಳನ್ನೇ ತೆಗೆದರು. ಶವಪೆಟ್ಟಿಗೆಯ ಸೀಸ ಬೇಕಿತ್ತು, ಗುಂಡು ಮಾಡಲು. 1610ರಲ್ಲಿ ಕೊಲೆಯಾದ ನಾಲ್ಕನೇ ಆಂರಿಯ ದೇಹ ಅಷ್ಟೊಂದು ಕೆಟ್ಟಿರಲಿಲ್ಲವಂತೆ, ಜನ ನೋಡಲು ಮುಗಿಬಿದ್ದರಂತೆ. ಕೊನೆಗೆ ಎಲ್ಲರನ್ನೂ ಚರ್ಚಿನ ಉತ್ತರಕ್ಕೆ ಎರಡು ಗುಂಡಿಗಳಲ್ಲಿ ಸುರಿದು ಸುಣ್ಣ ಹಾಕಿದರು. ಮೂರ್ತಿಗಳು ಉಳಿದದ್ದು ಬಹುಪಾಲು ಅಲೆಕ್ಸಾಂದ್ರ್ ಲೆನ್ವಾರ್ ಎಂಬಾತನಿಂದ. ಅವನು ಅವನ್ನು ಪ್ಯಾರಿಸ್‌ಗೆ ಸಾಗಿಸಿ 1795ರಲ್ಲಿ ಮ್ಯೂಸಿಯಂ ತೆರೆದ. 1816ರಲ್ಲಿ ಅದು ಮುಚ್ಚಿದಾಗ ಮೂರ್ತಿಗಳು ಹಿಂದಿರುಗಿದವು, ಜೊತೆಗೆ ಬೇರೆ ಚರ್ಚುಗಳ ಅನಾಥ ಮೂರ್ತಿಗಳೂ ಬಂದವು. ಫ್ರಾಂಕರ ಹಳೆಯ ರಾಜ ಕ್ಲೋವಿಸ್ ಹಾಗೆ ಬಂದವನು, ಅವನನ್ನು ಹೂಳಿದ್ದು ಇಲ್ಲಲ್ಲ.

1817ರಲ್ಲಿ ಹದಿನೆಂಟನೇ ಲೂಯಿ ಆ ಗುಂಡಿಗಳನ್ನು ಅಗೆಸಿದ. ಯಾವ ಮೂಳೆ ಯಾರದ್ದು ಅಂತ ಹೇಳುವುದು ಆಗಲೇ ಆಗದ ಮಾತು. ಎಲ್ಲವನ್ನೂ ಒಟ್ಟಿಗೆ ನೆಲಮಾಳಿಗೆಯ ಒಂದು ಕೋಣೆಯಲ್ಲಿಟ್ಟು ಹೆಸರುಗಳನ್ನು ಕಲ್ಲಿನ ಫಲಕಗಳಲ್ಲಿ ಕೆತ್ತಿಸಿದರು. ಅಂದರೆ ರಾಜರು ಚರ್ಚಿನಲ್ಲೇ ಇದ್ದಾರೆ, ತಮ್ಮ ತಮ್ಮ ಗೋರಿಯಲ್ಲಿ ಇಲ್ಲ. ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ಹದಿನಾರನೇ ಲೂಯಿ ಮತ್ತು ಅವನ ರಾಣಿ ಮಾರಿ ಆಂತ್ವಾನೆತ್ ಲೆಕ್ಕ ಬೇರೆ. ಅವರನ್ನು 1815ರಲ್ಲಿ ಪ್ಯಾರಿಸ್‌ನ ಸ್ಮಶಾನದಿಂದ ತಂದು ನೆಲಮಾಳಿಗೆಯಲ್ಲೇ ಕಪ್ಪು ಚಪ್ಪಡಿಗಳ ಕೆಳಗೆ ಇಟ್ಟಿದ್ದಾರೆ.

ಹೋಗುವುದು ಸುಲಭ. ಮೆಟ್ರೋ 13ನೇ ಲೈನ್, ಬಾಸಿಲಿಕ್ ದ ಸಾಂ-ದೆನಿ ಸ್ಟೇಷನ್. ಚರ್ಚಿನೊಳಗೆ ಸುಮ್ನೆ ಹೋಗಬಹುದು, ಗೋರಿಗಳಿರುವ ಭಾಗಕ್ಕೆ ಟಿಕೆಟ್ ಬೇಕು. ಭಾನುವಾರ ಬೆಳಗ್ಗೆ ಪೂಜೆ ಇರುತ್ತದೆ, ಆ ಹೊತ್ತು ಬಿಟ್ಟು ಹೋಗಿ.