ಪೆನ್ಸಿಲ್ ಮೇಲಿನ ಕಾಗದದ ಹೂವು ಯಾಕೆ ಎದ್ದು ಬರುತ್ತದೆ?

ನ್ಯೂಸ್‌ಪೇಪರ್ ನೆನೆಸಿ ರುಬ್ಬಿದ ತಿರುಳನ್ನು ಅಚ್ಚಿಗೆ ಒತ್ತಿ ಮಾಡಿದ ಹೂವು ಪೆನ್ಸಿಲ್ ಮೇಲೆ ನಿಲ್ಲುತ್ತಿಲ್ಲ, ಯಾವ ಗಮ್ ಹಾಕಲಿ ಅಂತ ಕೇಳಿದ್ದೀರಿ. ನನಗನ್ನಿಸುವುದು, ತೊಂದರೆ ಗಮ್‌ನದ್ದಲ್ಲ. ಚಪ್ಪಟೆಯಾಗಿ ಒಣಗಿದ ಹೂವನ್ನು ಬಗ್ಗಿಸಿ ಅಂಟಿಸಿದರೆ ಅಂಚು ಮತ್ತೆ ನೆಟ್ಟಗಾಗಲು ನೋಡುತ್ತದೆ, ಅಲ್ವಾ?

ಅಚ್ಚಿನೊಳಗೆ ಸ್ಪಂಜಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ಅರ್ಧ ಒಣಗಿ, ಮುಟ್ಟಿದರೆ ಇನ್ನೂ ತಣ್ಣಗಿರುವಾಗಲೇ ಬಿಡಿಸಿ. ಪೆನ್ಸಿಲ್‌ಗೆ ತೆಳು ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಹೂವಿಡಿ, ಮೆತ್ತನೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ನೆರಳಲ್ಲಿ ಒಣಗಿಸಿ. ಹೂವು ಪೆನ್ಸಿಲ್‌ನ ದುಂಡು ಆಕಾರಕ್ಕೇ ಕೂರುತ್ತದೆ. ಆಮೇಲೆ ಪ್ಲಾಸ್ಟಿಕ್ ತೆಗೆದು, ಪೆನ್ಸಿಲ್‌ನ ನುಣುಪು ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಉಜ್ಜಿ. ಮಾಮೂಲಿ ಫೆವಿಕಾಲ್ ಸಾಕು. ಪ್ಲಾಸ್ಟಿಕ್ ಪೆನ್ನಾದರೆ ಅದು ಹಿಡಿಯುವುದಿಲ್ಲ, ಎಪಾಕ್ಸಿ (ಎರಡು ಟ್ಯೂಬಿನದನ್ನು ಕಲಸಿ ಹಚ್ಚುವ ಗಟ್ಟಿ ಅಂಟು) ಬೇಕು.

ನ್ಯೂಸ್‌ಪೇಪರ್ ಮಾತ್ರ ದಯವಿಟ್ಟು ಬಿಡಿ. ಅದರ ನಾರು ಗಿಡ್ಡ, ಬೇಗ ಹಳದಿಯಾಗುತ್ತದೆ. ಹತ್ತಿಯಿಂದ ಮಾಡಿದ ಹ್ಯಾಂಡ್‌ಮೇಡ್ ಕಾಗದದ ಚೂರುಗಳನ್ನು ರಾತ್ರಿ ನೆನೆಹಾಕಿ, ಜಾಸ್ತಿ ನೀರು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ದಳದ ಗೆರೆ ಗೆರೆಯೂ ಎದ್ದು ಕಾಣುತ್ತದೆ, ನೋಡುವುದೇ ಖುಷಿ!

ಅಚ್ಚು ಕೊಳ್ಳುವ ಮುಂಚೆ ಮನೆಯಲ್ಲಿ ಹಳೆಯ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮಣೆ ಇದೆಯಾ ನೋಡಿ. ಅದರ ಒಂದು ಭಾಗಕ್ಕೆ ಎಣ್ಣೆ ಸವರಿ ಬಳಸಬಹುದು. ಚಿಕ್ಕ ಚಿತ್ತಾರವೇ ಪೆನ್ಸಿಲ್‌ಗೆ ಚೆನ್ನ. ಹೂವನ್ನು ಮೇಲ್ತುದಿಯಲ್ಲೇ ಇಡಿ, ಹಿಡಿಯಲು, ಚೂಪು ಮಾಡಲು ಕೆಳಗೆ ಜಾಗ ಬೇಕು.