ಗೋಡೆ ಹಿಡಿದು ನಿಂತ ಮೊಮ್ಮಗ

ದಾವಣಗೆರೆಯ ಅಜ್ಜಿಯೊಬ್ಬರು ಬರೆದಿದ್ದಾರೆ: “ಮೊಮ್ಮಗನಿಗೆ 14 ತಿಂಗಳು ತುಂಬಿತು. ಗೋಡೆ ಹಿಡಿದು ನಿಲ್ಲುತ್ತಾನೆ, ಕೈ ಬಿಟ್ಟರೆ ಕೂತುಬಿಡುತ್ತಾನೆ. ಪಕ್ಕದ ಮನೆಯ ಕೂಸು ಹತ್ತನೇ ತಿಂಗಳಿಗೇ ನಡೆಯಿತು. ಸೊಸೆ ದಿನಾ ಕಣ್ಣೀರು ಹಾಕುತ್ತಾಳೆ. ವಾಕರ್ ತರಿಸೋಣವೇ?”

ಬೇಡ ತಾಯಿ, ಖಂಡಿತ ಬೇಡ.

ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಓಮನ್, ಅಮೆರಿಕಗಳ 816 ಮಕ್ಕಳು ಕೂರುವುದು, ನಿಲ್ಲುವುದು, ನಡೆಯುವುದನ್ನು ತಿಂಗಳುಗಟ್ಟಲೆ ನೋಡಿ ಬರೆದಿಟ್ಟು, 2006ರಲ್ಲಿ ಪ್ರಕಟಿಸಿತು. ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು ಎಷ್ಟೆಂದು ಬಂತು ಗೊತ್ತೇ? 8 ತಿಂಗಳಿಂದ ಹದಿನೇಳೂವರೆ ತಿಂಗಳವರೆಗೆ! ಅವರೆಲ್ಲ ಗಟ್ಟಿಮುಟ್ಟಾದ ಮಕ್ಕಳೇ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ. ನನ್ನ ಎರಡನೇ ಮಗಳು ಅಂಥವಳು. ಕೂತಲ್ಲಿಂದಲೇ ಒಂದು ಕೈಯೂರಿ ಹಜಾರವೆಲ್ಲ ತೆವಳಿ, 16ನೇ ತಿಂಗಳಿಗೆ ಒಂದು ಬೆಳಿಗ್ಗೆ ಎದ್ದು ಅಡುಗೆಮನೆಗೆ ನಡೆದು ಹೋದಳು. ಅಲ್ಲಿಯವರೆಗೆ ನೆಂಟರ ಬಾಯಿಂದ ನಾವು ಕೇಳದ ಮಾತಿಲ್ಲ.

ಅಳತೆಯೇ ಬೇಡ ಎನ್ನುತ್ತಿಲ್ಲ. ತಾಯಿ ಕಾರ್ಡಿನಲ್ಲಿ ತೂಕ ಬರೆಸುತ್ತಿರಿ. 18 ತಿಂಗಳಾದರೂ ನಡೆಯದಿದ್ದರೆ, ಒಂದೇ ಪಕ್ಕದ ಕೈಕಾಲು ಆಡಿಸುತ್ತಿದ್ದರೆ, ಕಲಿತದ್ದನ್ನು ಮರೆಯತೊಡಗಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಆದರೆ ವಾಕರ್? ಅದರಲ್ಲಿ ಕೂತ ಮಗು ತುದಿಗಾಲಲ್ಲಿ ನೆಲ ಒದ್ದು ಜಾರುತ್ತದೆ. ತನ್ನ ಭಾರವನ್ನು ತಾನು ಹೊರುವುದಿಲ್ಲ, ತನ್ನ ಪಾದವನ್ನೂ ಕಾಣುವುದಿಲ್ಲ. ಮೆಟ್ಟಿಲಿನಿಂದ ಉರುಳಿ ಪೆಟ್ಟು ಮಾಡಿಕೊಂಡ ಮಕ್ಕಳನ್ನು ಕಂಡು ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ನಾಮಕರಣದ ಉಡುಗೊರೆಯಾಗಿ ಅದನ್ನು ಕೊಡುತ್ತಾರೆ. ಹಿಂದೆ ಬಡಗಿಯಿಂದ ಮಾಡಿಸುತ್ತಿದ್ದ ಮೂರು ಗಾಲಿಯ ಮರದ ಗಾಡಿಯ ರೀತಿಯೇ ಬೇರೆ. ಮಗು ತಾನೇ ಎದ್ದು ನಿಂತು, ತಾನೇ ತಳ್ಳಬೇಕಿತ್ತು.

ಒಂದು ಮಾತಿಗೆ ಬೇಸರಿಸಬೇಡಿ. ಪಕ್ಕದ ಮನೆಯ ಕೂಸಿನ ಸುದ್ದಿಯನ್ನು ಸೊಸೆಯ ಮುಂದೆ ಎಷ್ಟು ಸಲ ಎತ್ತಿದಿರಿ? ಈ ಹೋಲಿಕೆ ಹೆಜ್ಜೆಗೆ ನಿಲ್ಲುವುದಿಲ್ಲ. ಹಲ್ಲು, ಮಾತು, ಆಮೇಲೆ ಎಲ್‌ಕೆಜಿ ಸೀಟು. ಮೂರೂವರೆ ವರ್ಷದ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ ಬಣ್ಣಗಳ ಹೆಸರು ಕೇಳುವ, ಹೇಳದಿದ್ದರೆ ತಾಯಿಯ ಮುಖ ನೋಡುವ ಶಾಲೆಗಳನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅಂಗಳ ಹೋಯಿತು, ಜಗಲಿ ಹೋಯಿತು. ಉಳಿದ ಹತ್ತಡಿ ಹಜಾರವನ್ನೂ ಸೋಫಾ, ಟೀಪಾಯಿಗಳಿಗೆ ಕೊಟ್ಟು, ಮಗು ನಡೆಯುತ್ತಿಲ್ಲವೆಂದು ಕೊರಗುತ್ತೇವೆ.

ಇವತ್ತೇ ಟೀಪಾಯಿ ಎತ್ತಿಡಿಸಿ. ಬರಿಗಾಲಲ್ಲಿ ಬಿಡಿ. ಈ ಉತ್ತರವನ್ನು ಸೊಸೆಗೆ ನೀವೇ ಓದಿ ಹೇಳಿ.